ಒಂದೇ ಪೆನ್ನಿನ ಇಂಕು

ಕಾಂಟ್ರಾಕ್ಟರ್ ಕಡೆ ಕೂತು ನಾನು ನಮ್ಮವರನ್ನೇ ಸೋಲಿಸಿದ್ದು ಪುಣೆಯಲ್ಲಿ, ಒಂದು ಮಂಗಳವಾರ ಮಧ್ಯಾಹ್ನ. ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ.

ನಾನು ಮುಂಬೈಯ ಒಂದು ಸರ್ಕಾರಿ ನಿಗಮದಲ್ಲಿ ಎಂಜಿನಿಯರ್. ಊರು ಧಾರವಾಡದ ಹತ್ತಿರ. ಹದಿನಾರು ವರ್ಷದಿಂದ ಪೈಲು, ಪಿಯರು, ಗರ್ಡರು ಅಂತಲೇ ಬದುಕಿದ್ದೇನೆ. ಕಾಂಕ್ರೀಟ್ ಟ್ರಕ್ಕಿನಿಂದ ಬೀಳುವುದನ್ನು ನೋಡಿಯೇ ನೀರು ಜಾಸ್ತಿ ಆಗಿದೆಯೋ ಇಲ್ಲವೋ ಹೇಳುತ್ತೇನೆ. ಹಾಗಾಗಿ ‘ಕಾಂಟ್ರಾಕ್ಟ್ ಮ್ಯಾನೇಜ್‌ಮೆಂಟ್’ ಅಂತ ಮೂರು ದಿನದ ತರಬೇತಿಗೆ ಹೋಗಿ ಅಂದಾಗ ಸಿಟ್ಟೇ ಬಂತು. ಜುಲೈ ತಿಂಗಳು. ಸೈಟಿನ ಗುಂಡಿಗಳಲ್ಲಿ ಹಗಲು ರಾತ್ರಿ ಪಂಪು ಓಡುತ್ತಿವೆ. ಈಗ ಕ್ಲಾಸಿನಲ್ಲಿ ಕೂರೋದಾ?

ಭಾನುವಾರ ಸಂಜೆ ಡೆಕ್ಕನ್ ಕ್ವೀನ್ ಹತ್ತಿದೆ. ಘಾಟಿನಲ್ಲಿ ಮಳೆ ಹೊಡೀತಿತ್ತು. ಕಟ್ಲೆಟ್ ತಿಂದು ಮಲಗಿದ್ದೇ, ಕಣ್ಣು ಬಿಟ್ಟಾಗ ಪುಣೆ.

ಪಾಠ ಮಾಡುವವರು ರೈಲ್ವೆಯಿಂದ ನಿವೃತ್ತರಾದವರು. ಕೊಂಕಣ ರೈಲ್ವೆ ಕಟ್ಟುವಾಗ ಕಾರವಾರದ ಕಡೆ ಇದ್ದರಂತೆ, ಹರಕು ಮುರುಕು ಕನ್ನಡ ಬರುತ್ತಿತ್ತು. ಅವರು ಶುರು ಮಾಡಿದ್ದೇ ನಾನು ನಿದ್ದೆ ಮಾಡಿಕೊಂಡು ದಾಟಿದ ಘಾಟಿನಿಂದ. ಆ ದಾರಿಯ ಗುತ್ತಿಗೆ ಹಿಡಿದ ಮೊದಲನೆಯವನು 1859ರಲ್ಲಿ ಕೈ ಚೆಲ್ಲಿದ. ಅವನ ಜಾಗಕ್ಕೆ ಬಂದ ಸಾಲೊಮನ್ ಟ್ರೆಡ್ವೆಲ್ ಇಲ್ಲಿಗೆ ಬಂದ ಸ್ವಲ್ಪ ದಿನಕ್ಕೇ ತೀರಿಕೊಂಡ. ಹೆಂಡತಿ ಆಲಿಸ್ ಊರಿಗೆ ವಾಪಸ್ ಹೋಗಲಿಲ್ಲ. ಗುತ್ತಿಗೆಯನ್ನು ತಾನೇ ಹೊತ್ತು, ನುರಿತ ಎಂಜಿನಿಯರುಗಳನ್ನು ನೇಮಿಸಿ ಕೆಲಸ ಮುಗಿಸಿದಳು. 1863ರಲ್ಲಿ ಘಾಟಿನಲ್ಲಿ ರೈಲು ಓಡಿತು. “ಅವಳಿಗೆ ಸುರಂಗ ಹೊಡೆಯೋದು ಗೊತ್ತಿತ್ತಾ? ಕೆಲಸ ಮಾಡಿಸೋದು ಗೊತ್ತಿತ್ತು,” ಅಂದರು.

ಮೊದಲ ದಿನ ಪೂರ್ತಿ ಫಿಡಿಕ್, ಅಂದರೆ ಕನ್ಸಲ್ಟಿಂಗ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟದ ಮಾದರಿ ಕರಾರು. ಜಪಾನಿನ ಜೈಕಾ, ಎಡಿಬಿ, ವಿಶ್ವಬ್ಯಾಂಕ್ ಸಾಲದ ದೊಡ್ಡ ಕೆಲಸಗಳಲ್ಲಿ ಕರಾರು ಇರುವುದು ಹೆಚ್ಚಾಗಿ ಅದೇ ಅಚ್ಚಿನಲ್ಲಿ. ಅದರ 1999ರ ‘ಕೆಂಪು ಪುಸ್ತಕ’ದ ಪ್ರಕಾರ, ತೊಂದರೆ ಗೊತ್ತಾದ 28 ದಿನದೊಳಗೆ ಕಾಂಟ್ರಾಕ್ಟರ್ ನೋಟಿಸ್ ಕೊಡಬೇಕು. 42 ದಿನದೊಳಗೆ ಲೆಕ್ಕ ಸಮೇತ ಕ್ಲೇಮು. ಅದು ಕೈಗೆ ಬಂದ ಮೇಲೆ ಉತ್ತರ ಕೊಡಲು ಎಂಜಿನಿಯರಿಗೂ 42 ದಿನ. ಕಾಂಟ್ರಾಕ್ಟರನ ಗಡುವು ನಮಗೆಲ್ಲ ಬಾಯಿಪಾಠ. ನಮ್ಮ ಗಡುವು ಎಷ್ಟು ಅಂತ ಕೇಳಿದಾಗ ಇಪ್ಪತ್ತೆಂಟು ಜನರಲ್ಲಿ ನಾಲ್ಕು ಕೈ ಎದ್ದವು. ನನ್ನದು ಏಳಲಿಲ್ಲ.

ಎರಡನೇ ದಿನ ಆಟ. ಅರ್ಧ ಜನ ಇಲಾಖೆ, ಅರ್ಧ ಜನ ಕಾಂಟ್ರಾಕ್ಟರ್. ಒಂದು ಫೈಲು ಕೊಟ್ಟರು. ಹೆಸರು ಅಳಿಸಿದ, ನಿಜವಾಗಿ ನಡೆದ ಕೇಸು. ರಸ್ತೆ ಕೆಳಗಿನ ನೀರಿನ ಪೈಪು ಸರಿಸದೆ ಇದ್ದದ್ದಕ್ಕೆ ಇಲಾಖೆ ಜಾಗ ಕೊಟ್ಟಿದ್ದು ಐದು ತಿಂಗಳು ತಡ. ನಾನು ಕಾಂಟ್ರಾಕ್ಟರ್ ಕಡೆ ಬಿದ್ದೆ. ಪಕ್ಕದಲ್ಲಿ ಹುಬ್ಬಳ್ಳಿಯಿಂದ ಬಂದ ರೈಲ್ವೆಯವರೊಬ್ಬರು. “ನಮ್ಮ ಕಾಗದ ಬ್ಯಾಡ್ರೀ, ಅವರ ಕಾಗದನ ಓದೋಣು,” ಅಂದರು. ಓದಿದೆವು. ಇಲಾಖೆಯ ಹನ್ನೊಂದು ಪತ್ರಗಳಲ್ಲಿ ಏಳರಲ್ಲಿ ಒಂದೇ ಸಾಲು: ‘ಜಾಗವನ್ನು ಆದಷ್ಟು ಬೇಗ ಕೊಡಲಾಗುವುದು.’ ಜಾಗ ಇನ್ನೂ ಕೊಟ್ಟಿಲ್ಲ ಅಂತ ಅವರೇ ಏಳು ಸಲ ಸಹಿ ಹಾಕಿ ಒಪ್ಪಿಕೊಂಡಿದ್ದರು. ‘ನೀವೂ ಮೆಷಿನ್ ತಂದಿರಲಿಲ್ಲ’ ಅನ್ನುವುದು ಅವರಿಗಿದ್ದ ಒಳ್ಳೆಯ ವಾದ. ಆದರೆ ಅದನ್ನು ಒಂದು ಪತ್ರದಲ್ಲೂ ಬರೆದಿರಲಿಲ್ಲ. ಗೆದ್ದೆವು. ಚಪ್ಪಾಳೆಯೂ ಬಿತ್ತು.

ನನಗೆ ಮಾತ್ರ ಹೊಟ್ಟೆಯೊಳಗೆ ಏನೋ ಆಯಿತು. ಆ ಸಾಲನ್ನು ನಾನೇ ಎಷ್ಟು ಸಲ ಬರೆದಿದ್ದೇನೋ.

ಹಿಂಡ್ರನ್ಸ್ ರಿಜಿಸ್ಟರ್ ಅಂತ ಒಂದು ಇರುತ್ತದೆ. ಸೈಟಿನಲ್ಲಿ ಕೆಲಸ ಯಾಕೆ ನಿಂತಿತು, ಯಾವತ್ತು ನಿಂತಿತು, ಯಾವತ್ತು ಮತ್ತೆ ಶುರುವಾಯಿತು ಅಂತ ಬರೆದು ಇಬ್ಬರೂ ಸಹಿ ಹಾಕಬೇಕು. ಎಂಬಿ ಅಂದರೆ ನಮಗೆ ದೇವರು. ಅಳತೆ ಪುಸ್ತಕದಲ್ಲಿ ಒಂದು ಅಂಕಿ ತಿದ್ದಿದರೂ ಕೈ ನಡುಗುತ್ತದೆ, ಯಾಕೆಂದರೆ ಅದರ ಮೇಲೆ ದುಡ್ಡು ಹೋಗುತ್ತದೆ. ಹಿಂಡ್ರನ್ಸ್ ರಿಜಿಸ್ಟರಿಗೆ ಆ ಮರ್ಯಾದೆ ಇಲ್ಲ. ‘ಇಒಟಿ (ಕೆಲಸದ ಅವಧಿ ವಿಸ್ತರಣೆ) ಕೊಡುವಾಗ ಬರೆದರಾಯ್ತು’ ಅನ್ನುವ ಲೆಕ್ಕ.

ಕೆಲವು ವರ್ಷದ ಹಿಂದೆ ನನ್ನದೇ ಒಂದು ಕೆಲಸ ಆರ್ಬಿಟ್ರೇಷನ್‌ಗೆ, ಅಂದರೆ ಕೋರ್ಟಿನ ಹೊರಗೆ ಮಧ್ಯಸ್ಥರ ಮುಂದೆ, ಹೋಗಿತ್ತು. ನನ್ನನ್ನು ಸಾಕ್ಷಿ ಹೇಳಲು ಕರೆದರು. ಆರ್ಬಿಟ್ರೇಟರ್ ನಮ್ಮ ರಿಜಿಸ್ಟರನ್ನು ಕೈಗೆತ್ತಿಕೊಂಡು ಹಾಳೆ ಮಗುಚುತ್ತಾ ಹೋದರು. ಹದಿನಾಲ್ಕು ತಿಂಗಳ ವಿವರ. ಪ್ರತಿ ಹಾಳೆಯಲ್ಲೂ ಅದೇ ನೀಲಿ ಇಂಕು, ಅದೇ ಓರೆ ಅಕ್ಷರ. ಎಲ್ಲೂ ಮಳೆಹನಿ ಬಿದ್ದ ಗುರುತಿಲ್ಲ, ಚಹಾದ ಕಲೆಯಿಲ್ಲ, ಮಣ್ಣಿನ ಬೆರಳಚ್ಚಿಲ್ಲ. ಅವರು ಕನ್ನಡಕ ತೆಗೆದು ಕೇಳಿದ್ದು ಇಷ್ಟೇ: “ಪೆನ್ನು ಯಾವ ಕಂಪನಿದು? ಹದಿನಾಲ್ಕು ತಿಂಗಳು ಬರುತ್ತದಲ್ಲ!” ಎಲ್ಲರೂ ನಕ್ಕರು. ನಾನೂ ನಕ್ಕೆ, ಮತ್ತೇನು ಮಾಡಲಿ. ಒಂದು ಶನಿವಾರ ಕೂತು ಪೂರ್ತಿ ಬರೆಸಿದ್ದು ನಾನೇ ಅಲ್ವಾ. ಆ ರಿಜಿಸ್ಟರಿನಲ್ಲಿದ್ದ ನಿಜವನ್ನೂ ಆಮೇಲೆ ಯಾರೂ ನಂಬಲಿಲ್ಲ.

ಸಂಜೆ ಹುಬ್ಬಳ್ಳಿಯವರು ಹಾಸ್ಟೆಲ್ ರೂಮಿನಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದರು. ಮಾತು ಕನ್ಸಲ್ಟೆಂಟುಗಳ ಕಡೆ ಹೊರಳಿತು. ನಮ್ಮಲ್ಲಿ ಪತ್ರ ಬರೆಯುವುದು ಪಿಎಂಸಿಯವರು (ಕೆಲಸ ನೋಡಿಕೊಳ್ಳಲು ನೇಮಿಸಿಕೊಂಡ ಕನ್ಸಲ್ಟೆಂಟುಗಳು), ಸಹಿ ನಮ್ಮದು. ಕೆಲಸ ಮುಗಿದ ಮೇಲೆ ಅವರು ಪೆಟ್ಟಿಗೆ ಕಟ್ಟಿದರೆ ಕಲಿತದ್ದೂ ಪೆಟ್ಟಿಗೆಯಲ್ಲೇ ಹೋಗುತ್ತದೆ. ನಮ್ಮಲ್ಲಿ ಯಾರಾದರೂ ಕಲಿತರೆ ಮೂರು ವರ್ಷಕ್ಕೆ ವರ್ಗ. ದೆಹಲಿ ಮೆಟ್ರೋ ಹಾಗೆ ಮಾಡಲಿಲ್ಲ ಅಂತ ಹುಬ್ಬಳ್ಳಿಯವರ ವಾದ. ಮೊದಲ ಹಂತದಲ್ಲಿ ಅದೂ ಹೊರಗಿನ ಕನ್ಸಲ್ಟೆಂಟುಗಳನ್ನು ಇಟ್ಟುಕೊಂಡಿತ್ತು. ಆದರೆ ತನ್ನವರನ್ನು ಪಕ್ಕದಲ್ಲೇ ಕೂರಿಸಿ ಕಲಿಸಿತು. ಆಮೇಲೆ ಜೈಪುರ, ಕೊಚ್ಚಿಯಲ್ಲಿ ತಾನೇ ಹೋಗಿ ಮೆಟ್ರೋ ಕಟ್ಟಿತು. “ಅದಕ್ಕ ಶ್ರೀಧರನ್ ಬೇಕಲ್ರೀ,” ಅಂದೆ, ದೆಹಲಿ ಮೆಟ್ರೋ ಕಟ್ಟಿಸಿದ ಮುಖ್ಯಸ್ಥರನ್ನು ನೆನೆದು. “ಶ್ರೀಧರನ್ ಒಬ್ಬರೇ ಪತ್ರ ಬರೀತಿದ್ರೇನ್ರಿ?” ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನೊಂದು ರೊಟ್ಟಿ ಮುರಿದೆ.

ಮೂರನೇ ದಿನ ಸರ್ಟಿಫಿಕೇಟು, ಗ್ರೂಪ್ ಫೋಟೋ. ಅದರಲ್ಲಿ ಹೇಳುವಂಥದ್ದೇನಿಲ್ಲ.

ಮುಂಬೈಗೆ ಬಂದು ಸಾಹೇಬರ ಹತ್ತಿರ ಒಂದು ಕಾಂಟ್ರಾಕ್ಟ್ ಸೆಲ್ ಮಾಡೋಣ, ಐದು ವರ್ಷ ಯಾರನ್ನೂ ಅಲುಗಾಡಿಸಬೇಡಿ ಅಂದೆ. ‘ಬರೆದು ಕೊಡಿ’ ಅಂದರು. ಬರೆದು ಕೊಟ್ಟೆ. ಆ ಫೈಲು ಈಗಲೂ ಎಲ್ಲೋ ಓಡಾಡುತ್ತಿದೆ. ಅದನ್ನು ಕಾಯುತ್ತಾ ಕೂರೋದು ಯಾಕೆ ಅಂತ ಸುಮ್ನೆ ಒಂದು ಕೆಲಸ ಶುರು ಮಾಡಿದೆ. ಶುಕ್ರವಾರ ನಾಲ್ಕಕ್ಕೆ ಸೈಟಿನ ಕ್ಯಾಬಿನ್ನಿನಲ್ಲಿ ಜೂನಿಯರುಗಳನ್ನು ಕೂರಿಸಿ ಕರಾರಿನ ಒಂದೇ ಒಂದು ಕಲಮು ಓದಿಸುವುದು, ಆ ವಾರದ ರಿಜಿಸ್ಟರು ನೋಡುವುದು. ಆರು ಜನರಲ್ಲಿ ಇಬ್ಬರು ವಡಾಪಾವಿಗೆ ಬರುತ್ತಾರೆ, ಅದು ನನಗೂ ಗೊತ್ತು.

ಹೋದ ತಿಂಗಳು ರಾತ್ರಿ ಹನ್ನೊಂದೂವರೆಗೆ ಫೋನು. ಆ ವಡಾಪಾವ್ ಗಿರಾಕಿಗಳಲ್ಲೇ ಒಬ್ಬ, ಬೀದರಿನ ಹುಡುಗ. “ಸರ್, ಪಿಯರ್ ಏಳರ ಗುಂಡಿಗೆ ಚರಂಡಿ ನೀರು ನುಗ್ಗಿದೆ. ಕೆಲಸ ನಿಂತಿದ್ದು 10.50ಕ್ಕೆ. ಬರೆದೆ. ಕಾಂಟ್ರಾಕ್ಟರ್ ಕಡೆಯವರು ಸಹಿ ಹಾಕಲ್ಲ ಅಂತಿದ್ದಾರೆ. ಅವರ ಎರಡು ಪಂಪು ಕೆಟ್ಟಿತ್ತು ಅಂತಾನೂ ಬರೆದಿದ್ದೀನಿ, ಅದಕ್ಕೆ.”

“ಸಹಿ ಹಾಕಲ್ಲ ಅಂದರು ಅನ್ನೋದನ್ನೂ ಬರಿ,” ಅಂದೆ.

“ಬರೆದೆ ಸರ್. ಟೈಮೂ ಹಾಕಿದ್ದೀನಿ.”

ಬೆಳಿಗ್ಗೆ ಹೋಗಿ ನೋಡಿದೆ. ಹಾಳೆ ಒದ್ದೆಯಾಗಿ ಸೊಟ್ಟಗಾಗಿತ್ತು. ಅರ್ಧ ಸಾಲು ಕಪ್ಪು ಇಂಕು, ಅಲ್ಲಿಂದ ಮುಂದೆ ಪೆನ್ಸಿಲ್ಲು.