ಮಂಗ ಸತ್ತ ಜಾಗದ ಸುತ್ತ 50 ಅಡಿ

ಮಳೆ ಬಿಟ್ಟು, ಅಡಿಕೆ ಕೊಯ್ಲು ಶುರುವಾಗಿ, ಬೆಟ್ಟದಲ್ಲಿ ದರಗು, ಅಂದರೆ ಒಣಗಿದ ಎಲೆ, ಬೀಳತೊಡಗಿದರೆ ಸಾಗರ, ಸೊರಬ, ತೀರ್ಥಹಳ್ಳಿ, ಸಿದ್ದಾಪುರದ ಕಡೆ ಮಂಗನ ಕಾಯಿಲೆಯ ಕಾಲವೂ ಬಂತೆಂದೇ ಲೆಕ್ಕ. ಡಿಸೆಂಬರ್‌ನಿಂದ ಮೇವರೆಗೆ ಅದರ ಹಾವಳಿ. ಉಣುಗು ಕಚ್ಚಿ ಬರುವ ವೈರಸ್ ಜ್ವರ ಇದು, ಈ ತಿಂಗಳುಗಳು ಆ ಉಣುಗಿನ ಬದುಕಿನ ತಿಂಗಳುಗಳು. ಅದನ್ನು ಅರಿತರೆ ಯಾವ ಕೆಲಸ ಯಾವಾಗ ಮಾಡಬೇಕೆಂಬುದು ತಾನಾಗಿ ತಿಳಿಯುತ್ತದೆ.

ಮಳೆಗಾಲದಲ್ಲಿ ದನದ ಮೈಮೇಲೆ ರಕ್ತ ಕುಡಿದು ಉಬ್ಬಿದ ಹೆಣ್ಣು ಉಣುಗು ನೆಲಕ್ಕೆ ಬಿದ್ದು ರಾಶಿ ರಾಶಿ ಮೊಟ್ಟೆಯಿಡುತ್ತದೆ. ಮಳೆ ಹಿಂದೆ ಸರಿಯುವಾಗ ಮರಿಗಳು ಹೊರಬರುತ್ತವೆ. ಆರು ಕಾಲು, ಕಣ್ಣಿಗೆ ಬರೀ ಚುಕ್ಕಿ. ಇಲಿ, ಅಳಿಲು, ಹಕ್ಕಿ, ಮಂಗ, ಯಾವುದು ಸಿಕ್ಕರೂ ಹತ್ತಿ ರಕ್ತ ಕುಡಿದು ಬಿದ್ದು, ಪೊರೆ ಕಳಚಿ, ಎಂಟು ಕಾಲಿನ ಎಳೆ ಉಣುಗಾಗುತ್ತವೆ. ಗಾತ್ರ ರಾಗಿಕಾಳಿನಷ್ಟು. ಮನುಷ್ಯರಿಗೆ ಹೆಚ್ಚಾಗಿ ಕಾಯಿಲೆ ತರುವುದು ಇದೇ ಎಳೆ ಉಣುಗು. ಮರಿಯಾಗಿದ್ದಾಗ ಒಳಗೆ ಹೋದ ವೈರಸ್ ಪೊರೆ ಕಳಚಿದ ಮೇಲೂ ಉಳಿದಿರುತ್ತದೆ. ಕಚ್ಚಿದ್ದು ಬಹಳ ಜನರಿಗೆ ಗೊತ್ತೇ ಆಗುವುದಿಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯ (ಕಪ್ಪು ಮುಖದ, ಉದ್ದ ಬಾಲದ ಮಂಗ), ಕೆಂಪು ಮಂಗಗಳು ಸಾಲುಸಾಲಾಗಿ ಸತ್ತಾಗ ಮೊದಲು ಸಂಶಯ ಹೋದದ್ದು ಹಳದಿ ಜ್ವರದ ಮೇಲೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹುಡುಕಿದಾಗ ಸಿಕ್ಕಿದ್ದು ಹೊಸದೇ ವೈರಸ್. 1983ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಪಟ್ರಮೆ, ನಿಡ್ಲೆ ಕಡೆ ಗೇರು ನೆಡಲು ಕಾಡು ಕಡಿದ ಹೊತ್ತಿನಲ್ಲಿ ಅದು ಭುಗಿಲೆದ್ದು, ಆ ವರ್ಷ 1,555 ಜನರಿಗೆ ತಗುಲಿ 150 ಜನ ತೀರಿಕೊಂಡರು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಅನುಭವಿಸಿದ್ದು ಇನ್ನೂ ಹಸಿಯಾಗಿದೆ.

ಹೆಸರಿನಿಂದಾಗಿ ಮಂಗನ ಮೇಲೆ ತಪ್ಪು ಬಂದಿದೆ. ಮಂಗವೂ ನಮ್ಮ ಹಾಗೆ ಕಚ್ಚಿಸಿಕೊಂಡು ಸಾಯುವ ಜೀವ. ಅದು ನಮಗಿಂತ ಮೊದಲು ಸಾಯುವುದರಿಂದಲೇ ನಮಗೆ ಸೂಚನೆ ಸಿಗುತ್ತದೆ. ಆದರೆ ಆ ಸೂಚನೆ ಬಹಳ ಸಲ ವ್ಯರ್ಥವಾಗುತ್ತದೆ. ಹೇಗೆಂದು ಸ್ವಲ್ಪ ಹತ್ತಿರದಿಂದ ನೋಡೋಣ.

ತೋಟದ ಅಂಚಿನ ಮತ್ತಿಮರದ ಬುಡದಲ್ಲಿ ಒಂದು ಮುಸಿಯ ಸತ್ತು ಬಿದ್ದಿದೆ ಎನ್ನಿ. ಮೈ ತಣ್ಣಗಾಗುತ್ತಿದ್ದಂತೆ ಕಿವಿಯಂಚು, ಕಣ್ಣಿನ ಸುತ್ತ, ಕಂಕುಳಲ್ಲಿ ಕಚ್ಚಿಕೊಂಡಿದ್ದ ಉಣುಗುಗಳು ಸಡಿಲಾಗಿ ದರಗಿನೊಳಗೆ ಇಳಿಯುತ್ತವೆ. ಅಷ್ಟರಲ್ಲಿ ಯಾರೋ ನೋಡುತ್ತಾರೆ. ಹನುಮಂತನ ರೂಪ, ಹಾಗೇ ಬಿಡಬಾರದೆಂದು ನಾಲ್ಕು ಜನ ಸೇರಿ ಬಯಲಿಗೆ ಎಳೆದು ತಂದು, ಹೂವು ಕುಂಕುಮ ಹಾಕಿ ಹೂಳುತ್ತಾರೆ. ಭಕ್ತಿ ದೊಡ್ಡದು, ಅದನ್ನು ಬಿಡಬೇಕಿಲ್ಲ. ಆದರೆ ಎಳೆದ ದಾರಿಯುದ್ದಕ್ಕೂ ಉಣುಗು ಉದುರಿದೆ, ಹೊತ್ತವರ ಕೈಗೂ ಹತ್ತಿದೆ, ಪರೀಕ್ಷೆಗೆ ಬೇಕಾದ ಶವ ಮಣ್ಣು ಸೇರಿದೆ. ಕೈಮುಗಿಯುವುದನ್ನು ದೂರದಿಂದಲೇ ಮಾಡಿ. ಮುಟ್ಟಬೇಡಿ, ಎಳೆಯಬೇಡಿ. ಮಕ್ಕಳು, ದನ, ನಾಯಿ ಆ ಕಡೆ ಹೋಗದಂತೆ ಒಬ್ಬರನ್ನು ನಿಲ್ಲಿಸಿ, ಪಂಚಾಯಿತಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅರಣ್ಯ ಇಲಾಖೆಗೆ ಆಗಲೇ ಫೋನ್ ಮಾಡಿ. ಪಶುವೈದ್ಯರು ಅಂಗಾಂಶ ತೆಗೆಯುವುದಕ್ಕೆ ಶವ ಹೊಸದಿರಬೇಕು. ಕೊಳೆತ ಮೇಲೆ ಪರೀಕ್ಷೆಗೆ ಬರುವುದಿಲ್ಲ.

ಮಾದರಿ ತೆಗೆದಾದ ಮೇಲೆ ಶವವನ್ನು ಸುಡುತ್ತಾರೆ, ಬಿದ್ದ ಜಾಗದಿಂದ ಎಲ್ಲ ದಿಕ್ಕಿಗೂ 50 ಅಡಿವರೆಗೆ ಉಣುಗು ಕೊಲ್ಲುವ ಮ್ಯಾಲಥಿಯಾನ್ ಪುಡಿ ಎರಚುತ್ತಾರೆ. ಕೆಲಸ ಕೆಡುವುದು ಇಲ್ಲೇ. ಶವ ಇದ್ದ ಜಾಗಕ್ಕಷ್ಟೇ ಒಂದು ಹಿಡಿ ಎರಚಿ ಹೋದರೆ ಉಪಯೋಗವಿಲ್ಲ. ದರಗು ದಪ್ಪವಿದ್ದಲ್ಲಿ ಪುಡಿ ಮೇಲೆಯೇ ಉಳಿಯುತ್ತದೆ, ಉಣುಗು ಕೆಳಗಿರುತ್ತದೆ. ಎರಡು ಮೂರು ದಿನ ತಡವಾದರೆ ಅಷ್ಟರಲ್ಲಿ ಯಾರಾದರೂ ಆ ಜಾಗದಲ್ಲಿ ಸೌದೆ ಆರಿಸಿರುತ್ತಾರೆ. ಪುಡಿ ಹಾಕುವಾಗ ಊರಿನವರೊಬ್ಬರು ನಿಂತು ಅಳತೆ ನೋಡುವುದು ತಪ್ಪೇನಲ್ಲ. ಎರಚುವವರು ಮಾತ್ರ ಗ್ಲೌಸು, ಗಮ್ ಬೂಟು, ಮಾಸ್ಕ್ ಹಾಕಿಕೊಂಡಿರಲೇಬೇಕು.

ಇನ್ನು ಎಣ್ಣೆ. ಉಣುಗು ಹತ್ತಿರ ಬಾರದಂತೆ ಆರೋಗ್ಯ ಇಲಾಖೆ ಕೊಡುವ ಡಿಎಂಪಿ ಅಥವಾ ಡೇಪಾ ಎಣ್ಣೆಯನ್ನು ಕಾಡಿಗೆ ಹೊರಡುವ ಮುಂಚೆ ಪಾದ, ಕಾಲು, ಕೈ, ಕುತ್ತಿಗೆಗೆ ತೆಳ್ಳಗೆ ಹಚ್ಚಬೇಕು. ಬರೀ ಪಾದಕ್ಕೆ ಹಚ್ಚಿ ಹೋಗುವವರೇ ಹೆಚ್ಚು. ಕೂತು ದರಗು ಗುಡಿಸುವವರಿಗೆ ಉಣುಗು ಹತ್ತುವುದು ತೊಡೆ, ಸೊಂಟದ ಕಡೆಯಿಂದಲೂ. ಬೆವರಿಗೆ ಎಣ್ಣೆ ಇಳಿದುಹೋಗುವುದರಿಂದ ಮಧ್ಯಾಹ್ನ ಇನ್ನೊಮ್ಮೆ ಹಚ್ಚಿಕೊಳ್ಳಿ. ಕಣ್ಣು, ಬಾಯಿ, ಗಾಯಕ್ಕೆ ತಾಗಬಾರದು. ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಯಿರಿ. ಡಿಎಂಪಿ ತಾಗಿದರೆ ಕೆಲವು ಪ್ಲಾಸ್ಟಿಕ್‌ಗಳು ಮೆತ್ತಗಾಗುತ್ತವೆ, ಹಾಗಾಗಿ ವಾಚು, ಕನ್ನಡಕ ಜೋಪಾನ. ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ತುರುಕಿದ ಪ್ಯಾಂಟು ಇದ್ದರೆ ಇನ್ನೂ ಒಳ್ಳೆಯದು. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಬಿಸಿನೀರು ಸೋಪಿನಲ್ಲಿ ಉಜ್ಜಿ ಮೀಯಿರಿ.

ಕಚ್ಚಿಕೊಂಡ ಉಣುಗಿಗೆ ಸೀಮೆಎಣ್ಣೆ, ಸುಣ್ಣ, ಬೆಂಕಿಕಡ್ಡಿ ಯಾವುದೂ ಬೇಡ. ಸಣ್ಣ ಮೊನೆಯ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯಿರಿ, ಉಗುರಿನಲ್ಲಿ ಕುಟ್ಟಬೇಡಿ.

ಕೊಟ್ಟಿಗೆಗೆ ದರಗು ಇಲ್ಲದೆ ಮಲೆನಾಡಿನಲ್ಲಿ ಆಗುವುದಿಲ್ಲ, ಅದನ್ನು ನಿಲ್ಲಿಸಿ ಎನ್ನುವುದು ಸುಲಭದ ಮಾತು. ನವೆಂಬರ್ ಒಳಗೆ ಆದಷ್ಟು ತಂದುಕೊಳ್ಳಿ. ರಾಶಿಯನ್ನು ಜಗಲಿ, ಬಚ್ಚಲಿಗೆ ತಾಗಿಸಿ ಹಾಕದೆ ಮನೆಯಿಂದ ದೂರ ಇಡಿ. ದನಕ್ಕೆ ಈ ಜ್ವರ ಬರುವುದಿಲ್ಲ, ಆದರೆ ಉಣುಗಿನ ಸಂತತಿ ಬೆಳೆಸುವುದೂ ಮನೆಗೆ ಹೊತ್ತು ತರುವುದೂ ದನವೇ. ಬೆನ್ನಿಗೆ ಸುರಿಯುವ 1% ಫ್ಲುಮೆಥ್ರಿನ್ ಔಷಧಿ 10 ಕೆ.ಜಿ. ತೂಕಕ್ಕೆ 1 ಮಿ.ಲೀ., ಅಂದರೆ 300 ಕೆ.ಜಿ. ಹಸುವಿಗೆ 30 ಮಿ.ಲೀ. ಭುಜದಿಂದ ಬಾಲದ ಬುಡದವರೆಗೆ ಬೆನ್ನುಮೂಳೆಯ ಮೇಲೆ ಗೆರೆ ಎಳೆದಂತೆ ಸುರಿಯಬೇಕು. ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಪಶುವೈದ್ಯರನ್ನು ಕೇಳಿ. ಅರ್ಧ ಅಳತೆ ಹಾಕಿದರೆ ಉಣುಗು ಸಾಯದೆ ಔಷಧಿಗೆ ಒಗ್ಗಿಕೊಳ್ಳುತ್ತದೆ.

ಕಚ್ಚಿದ 3ರಿಂದ 8 ದಿನಕ್ಕೆ ಜ್ವರ ಒಮ್ಮೆಲೇ ಏರುತ್ತದೆ. ಹಣೆ ಸಿಡಿಯುವ ನೋವು, ಸೊಂಟ ಮೀನಖಂಡ ಹಿಂಡಿದಂತೆ, ಕೆಂಪು ಕಣ್ಣು, ವಾಂತಿ. ಕೆಲವರಿಗೆ ವಸಡು, ಮೂಗಿನಲ್ಲಿ ರಕ್ತ. ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಇಳಿದಿರುತ್ತವೆ, ಹಾಗಾಗಿ ಡೆಂಗ್ಯೂ ಎಂದು ಭಾವಿಸಿ ದಿನ ಕಳೆದುಹೋಗುತ್ತದೆ. ಡಾಕ್ಟರಿಗೆ ಮೊದಲೇ ಹೇಳಿ: ಎಂದು ಕಾಡಿಗೆ ಹೋಗಿದ್ದಿರಿ, ಹತ್ತಿರದಲ್ಲಿ ಮಂಗ ಸತ್ತಿದೆಯೇ. ಆರ್‌ಟಿಪಿಸಿಆರ್‌ನಲ್ಲಿ ವೈರಸ್ ಚೆನ್ನಾಗಿ ಸಿಗುವುದು ಜ್ವರದ ಮೊದಲ ವಾರದಲ್ಲಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಮೈಕೈ ನೋವೆಂದು ಡೈಕ್ಲೋಫೆನಾಕ್ ಇಂಜೆಕ್ಷನ್, ಆಸ್ಪಿರಿನ್, ಐಬುಪ್ರೊಫೆನ್ ತೆಗೆದುಕೊಂಡರೆ ರಕ್ತಸ್ರಾವ ಹೆಚ್ಚುತ್ತದೆ. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ನೀರಿನಂಶ ಕಾಯುವುದು, ಪ್ಲೇಟ್‌ಲೆಟ್, ಬಿಪಿ ನೋಡುತ್ತಿರುವುದೇ ಚಿಕಿತ್ಸೆ. 100 ರೋಗಿಗಳಲ್ಲಿ 3ರಿಂದ 5 ಜನ ಉಳಿಯುವುದಿಲ್ಲ. ಮನುಷ್ಯರಿಂದ ಮನುಷ್ಯರಿಗೆ ಇದು ಅಂಟುವುದಿಲ್ಲ. ಕಾಯಿಲೆಯವರ ಮನೆಗೆ ಹೋಗದೆ ದೂರ ಇಡುವುದು ಅವರಿಗೆ ಎರಡನೇ ಪೆಟ್ಟು.

ಜ್ವರ ಬಿಟ್ಟಿತೆಂದು ಕೂಡಲೇ ತೋಟಕ್ಕೆ ಇಳಿಯಬೇಡಿ. 10ರಿಂದ 20% ಜನರಿಗೆ ಒಂದೆರಡು ವಾರ ಸುಮ್ಮನಿದ್ದು ಮತ್ತೆ ಜ್ವರ ಬರುತ್ತದೆ. ಆಗ ತಲೆನೋವು, ಕುತ್ತಿಗೆ ಬಿಗಿತ, ಕೈ ನಡುಕ, ಮಾತು ತಡವರಿಸುವುದು ಕಂಡರೆ ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ಲಸಿಕೆಯ ಮಾತು ಎಲ್ಲರೂ ಕೇಳುತ್ತಾರೆ. ಹಳೆಯ ಲಸಿಕೆ ಒಂದು ತಿಂಗಳ ಅಂತರದಲ್ಲಿ ಎರಡು, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷಕ್ಕೊಂದು. 2005ರಿಂದ 2010ರ ಲೆಕ್ಕದಲ್ಲಿ ಎರಡು ಡೋಸಿಗೆ ಸುಮಾರು 62%, ಬೂಸ್ಟರ್ ಸೇರಿದರೆ 83% ರಕ್ಷಣೆ ಕಂಡಿತ್ತು. ಚುಚ್ಚಿದ ಜಾಗದ ನೋವಿಗೆ ಹೆದರಿ ಅರ್ಧಕ್ಕೇ ಬಿಟ್ಟವರು ಬಹಳ. ಕೊನೆಗೆ ಅದರ ಸತ್ವವೇ ಸಾಲದೆಂದು 2022ರಲ್ಲಿ ಕೊಡುವುದನ್ನು ನಿಲ್ಲಿಸಿದರು. ಹೊಸ ಲಸಿಕೆಯನ್ನು ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ಲಸಿಕೆ ಕಂಪನಿ ಇಂಡಿಯನ್ ಇಮ್ಯುನಲಾಜಿಕಲ್ಸ್ ಸೇರಿ ತಯಾರಿಸುತ್ತಿವೆ. ಅದು ಕೈಗೆ ಬರುವವರೆಗೆ ನಮ್ಮ ಹತ್ತಿರ ಇರುವುದು ಎಣ್ಣೆ, ಪುಡಿ, ಫೋನು. ಜನವರಿಯಲ್ಲಿ ಮೊದಲ ಜ್ವರ ಬಂದ ಮೇಲೆ ಬರುವ ಎಣ್ಣೆ ತಡವಾದ ಎಣ್ಣೆ. ಅಕ್ಟೋಬರಿನಲ್ಲೇ ಆಶಾ ಕಾರ್ಯಕರ್ತೆಯ ಹತ್ತಿರ ಎಷ್ಟು ಬಾಟಲಿ ಇದೆ, ಪಂಚಾಯಿತಿಯಲ್ಲಿ ಪುಡಿ ಇದೆಯೇ, ಮಂಗ ಸತ್ತರೆ ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಕೇಳಿ, ಆ ನಂಬರನ್ನು ಹಾಲಿನ ಡೈರಿಯ ಗೋಡೆಗೆ ಅಂಟಿಸಿ.