ಗ್ರಿಮ್ಸೆಲ್, ಫುರ್ಕಾ, ಸುಸ್ಟೆನ್: ಮೂರು ಘಟ್ಟಗಳ ಒಂದು ಸುತ್ತು

ಸ್ವಿಟ್ಜರ್ಲೆಂಡಿನ ಮೈರಿಂಗನ್ ಊರಿನಿಂದ ಹೊರಟು ಗ್ರಿಮ್ಸೆಲ್, ಫುರ್ಕಾ, ಸುಸ್ಟೆನ್ ಎಂಬ ಮೂರು ಘಟ್ಟಗಳನ್ನು ಹತ್ತಿಳಿದು ಅದೇ ಊರಿಗೆ ಮರಳುವ ಸುತ್ತು ಸುಮಾರು 120 ಕಿಲೋಮೀಟರ್. ಮೊಬೈಲಿನ ನಕ್ಷೆ ತೋರಿಸುವ ಸಮಯವನ್ನು ನಂಬಬೇಡಿ. ಸೆಪ್ಟೆಂಬರಿನಲ್ಲಿ ಬೆಳಿಗ್ಗೆ ಎಂಟಕ್ಕೆ ಹೊರಟ ನಾವು ಮರಳುವಾಗ ಸಂಜೆ ಆರೂವರೆಯಾಗಿತ್ತು. ಹಿಮದ ಕಾರಣ ಈ ರಸ್ತೆಗಳು ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ತೆರೆದಿರುವುದರಿಂದ, ಹೊರಡುವ ದಿನ ಬೆಳಿಗ್ಗೆ ಮೂರೂ ತೆರೆದಿವೆಯೇ ಎಂದು ನೋಡಿಕೊಳ್ಳಿ. ಫುರ್ಕಾ ಮುಚ್ಚಿದ್ದರೆ ಓಬರ್‌ವಾಲ್ಡ್‌ನಿಂದ ರಿಯಾಲ್ಪ್‌ವರೆಗೆ ಕಾರನ್ನೇ ರೈಲಿಗೇರಿಸಿ ಸುರಂಗದ ಮೂಲಕ ದಾಟಬಹುದು.

ಗುಟ್ಟಾನನ್ ಹಳ್ಳಿ ದಾಟಿದ ಮೇಲೆ ಮರಗಳು ಮರೆಯಾಗಿ, ಬರಿಯ ಬಂಡೆ ಮತ್ತು ಅಣೆಕಟ್ಟುಗಳ ಬೂದುಬಣ್ಣದ ನೀರು ಉಳಿಯುತ್ತದೆ. 2,164 ಮೀಟರ್ ಎತ್ತರದ ಗ್ರಿಮ್ಸೆಲ್ ನೆತ್ತಿಯಿಂದ ಇಳಿಯತೊಡಗಿದಾಗ ಎದುರಿನ ಇಳಿಜಾರಿನ ಮೇಲೆ, ಯಾರೋ ದಾರವನ್ನು ಮಡಿಸಿಟ್ಟಂತೆ, ಫುರ್ಕಾದ ಇಡೀ ರಸ್ತೆ ಕಾಣುತ್ತದೆ. ಇಷ್ಟನ್ನೂ ಹತ್ತಬೇಕೇ ಎಂದು ಹಿಂದಿನ ಸೀಟಿನಲ್ಲಿದ್ದ ನಮ್ಮ ಅಮ್ಮ ಕೇಳಿದ್ದು ಅಲ್ಲಿಯೇ. ಆ ತಿರುವುಗಳ ಪಕ್ಕದಲ್ಲೇ ರೋನ್ ಹಿಮನದಿಯಿದೆ. ಬೇಸಿಗೆಯಲ್ಲಿ ಕರಗದಿರಲೆಂದು ಅದರ ಅಂಚಿಗೆ ಬಿಳಿಯ ಹೊದಿಕೆ ಹಾಸಿರುತ್ತಾರೆ; ಹತ್ತಿರ ಹೋದರೆ ಮಾಸಿ ಹರಿದ ಆ ಬಟ್ಟೆಯ ಕೆಳಗಿಂದ ನೀರು ತೊಟ್ಟಿಕ್ಕುವುದು ಕೇಳಿಸುತ್ತದೆ.

ಫುರ್ಕಾದಿಂದ ರಿಯಾಲ್ಪ್ ಕಡೆಗಿನ ಇಳಿತವೇ ಈ ಸುತ್ತಿನ ಕಠಿಣ ಭಾಗ. ರಸ್ತೆ ಕಿರಿದು, ಕೆಲವೆಡೆ ಅಂಚಿಗೆ ಬಿಡಿಬಿಡಿಯಾಗಿ ನೆಟ್ಟ ಕಲ್ಲುಗಳಷ್ಟೇ ಆಸರೆ. ಚಾರ್ಮಾಡಿಯಲ್ಲಿ ಓಡಿಸಿದ ಧೈರ್ಯದಿಂದ ನಾನು ಬ್ರೇಕ್ ತುಳಿಯುತ್ತಲೇ ಇಳಿದೆ. ನಾಲ್ಕನೆಯ ತಿರುವಿಗೆ ಸುಟ್ಟ ವಾಸನೆ ಬಂದು ಅರ್ಧ ಗಂಟೆ ಕಾರು ನಿಲ್ಲಿಸಬೇಕಾಯಿತು. ಎರಡನೆಯ ಗೇರಿನಲ್ಲೇ ಇಳಿಯಿರಿ. ಕಡಿದಾದಲ್ಲಿ ಹತ್ತಿ ಬರುವ ವಾಹನಕ್ಕೆ ದಾರಿ ಬಿಡುವುದು ಅಲ್ಲಿಯೂ ನಿಯಮ. ಪ್ರಯಾಣಿಕರನ್ನು ಒಯ್ಯುವ ಹಳದಿ ಅಂಚೆ ಬಸ್ಸಿನ ಮೂರು ಸ್ವರದ ಹಾರ್ನ್ ಕೇಳಿದೊಡನೆ ಅಗಲವಾದ ಜಾಗ ನೋಡಿ ನಿಂತುಬಿಡಿ.

ಆಂಡರ್‌ಮಾಟ್‌ನಲ್ಲಿ ಊಟ, ಪೆಟ್ರೋಲ್ ಎರಡನ್ನೂ ಮುಗಿಸಿಕೊಳ್ಳುವುದು ಒಳ್ಳೆಯದು. ವಾಸನ್‌ನಿಂದ ಏರುವ ಸುಸ್ಟೆನ್ ಅಗಲವಾದ, ನಯವಾದ ರಸ್ತೆ. ಆದರೆ ಸಂಜೆ ಪಶ್ಚಿಮಕ್ಕೆ ಇಳಿಯುವಾಗ ಸೂರ್ಯ ನೇರ ಕಣ್ಣಿಗೇ ಹೊಡೆಯುತ್ತಾನೆ. ಮತ್ತೊಮ್ಮೆ ಹೋದರೆ ನಾನು ಸುಸ್ಟೆನ್‌ನಿಂದಲೇ ಆರಂಭಿಸುತ್ತೇನೆ: ಆಗ ಫುರ್ಕಾದ ಆ ಕಿರಿದಾದ ಪಾಲು ಇಳಿತವಾಗದೆ ಏರುದಾರಿಯಾಗುತ್ತದೆ.