ಟ್ರೇಡ್ ಎಕ್ಸೆಪ್ಶನ್ ಅಂದ್ರೆ ಆಟಗಾರನಲ್ಲ, ಚೀಟಿ

ತುಮಕೂರಿನ ಬಾಸ್ಕೆಟ್‌ಬಾಲ್ ಹುಡುಗರು ಅಮೆರಿಕದ ಎನ್‌ಬಿಎ ಲೀಗ್‌ನ ಸುದ್ದಿ ಓದಿ ಕೇಳೋದು ಇದನ್ನೇ: ಆಟಗಾರರ ಒಟ್ಟು ಸಂಬಳಕ್ಕೆ ಲೀಗ್ ಹಾಕಿರೋ ಮಿತಿ ದಾಟಿದ ತಂಡ ಹೊಸ ಆಟಗಾರನನ್ನು ಹೇಗೆ ತರುತ್ತೆ?

ಲೆಕ್ಕ ಹೀಗೆ. ಮಿತಿ ದಾಟಿದ ತಂಡ 1.8 ಕೋಟಿ ಡಾಲರ್ ಸಂಬಳದವನನ್ನು ಕಳಿಸಿ 1 ಕೋಟಿಯವನನ್ನು ತಂದರೆ ಉಳಿಯೋದು 80 ಲಕ್ಷ. ಅದೇ ಟ್ರೇಡ್ ಎಕ್ಸೆಪ್ಶನ್: ಮುಂದೆ ಸುಮಾರು ಅಷ್ಟೇ ಸಂಬಳದವರೆಗಿನ ಆಟಗಾರನನ್ನು, ಬದಲಿಗೆ ಯಾರನ್ನೂ ಕಳಿಸದೇ, ಬೇರೆ ತಂಡದಿಂದ ತರಬಹುದು. ಆಯುಸ್ಸು ಒಂದು ವರ್ಷ. ಮಂಡಿಪೇಟೆಯಲ್ಲಿ ವಾಪಸ್ ಕೊಟ್ಟ ಮಾಲಿಗೆ ದುಡ್ಡಿನ ಬದಲು ಬರೆದುಕೊಡೋ ಚೀಟಿ ಇದ್ದ ಹಾಗೆ. ಅವಧಿ ಮುಗಿದರೆ ಹೋಯ್ತು.

ಎಡವೋದು ಇಲ್ಲಿ: 80 ಲಕ್ಷದ ಎಕ್ಸೆಪ್ಶನ್ ಜೊತೆ 50 ಲಕ್ಷದ ಆಟಗಾರನನ್ನು ಸೇರಿಸಿ 1.3 ಕೋಟಿಯವನನ್ನು ತರೋಕೆ ಆಗಲ್ಲ. ಎರಡು ಎಕ್ಸೆಪ್ಶನ್ ಕೂಡಿಸೋಕೂ ಆಗಲ್ಲ. ಒಂದನ್ನೇ ಒಡೆದು ತುಂಡು ತುಂಡಾಗಿ ಬಳಸಬಹುದು, ಅಷ್ಟೇ. 2020ರಲ್ಲಿ ಬಾಸ್ಟನ್ ತಂಡದ ಗಾರ್ಡನ್ ಹೇವರ್ಡ್ ಷಾರ್ಲಟ್ ತಂಡಕ್ಕೆ ಹೋದಾಗ ಬಾಸ್ಟನ್‌ಗೆ ಸುಮಾರು 2.85 ಕೋಟಿಯ ಎಕ್ಸೆಪ್ಶನ್ ಸಿಕ್ಕಿತು. 2021ರ ಮಾರ್ಚ್‌ನಲ್ಲಿ ಎವಾನ್ ಫೋರ್ನಿಯೇ ಅನ್ನೋ ಆಟಗಾರನನ್ನು ತರೋಕೆ ಅದರಲ್ಲಿ ಸುಮಾರು 1.7 ಕೋಟಿ ಖರ್ಚಾಯಿತು, ಉಳಿದದ್ದು ಹಾಗೇ ಇತ್ತು.

ಇಬ್ಬರ ಸಂಬಳ ಕೂಡಿಸಿ ಒಬ್ಬ ದುಬಾರಿ ಆಟಗಾರನನ್ನು ತಂದರೆ ಎಕ್ಸೆಪ್ಶನ್ ಹುಟ್ಟೋದೇ ಇಲ್ಲ. ಯಾರ ಒಪ್ಪಂದದಲ್ಲೂ ಇಲ್ಲದ ಆಟಗಾರನಿಗೆ ನೇರವಾಗಿ ಸಹಿ ಹಾಕಿಸೋಕೂ ಇದು ಬರಲ್ಲ. ಲೀಗ್ ಮತ್ತು ಆಟಗಾರರ ಸಂಘದ 2023ರ ಒಪ್ಪಂದದ ನಂತರ ಮೊದಲ ಏಪ್ರನ್ (ಸಂಬಳದ ಮಿತಿಗಿಂತ ಮೇಲಿರೋ ಇನ್ನೊಂದು ಗೆರೆ) ದಾಟಿದ ತಂಡಗಳು ಹಿಂದಿನ ಸೀಸನ್‌ನ ಎಕ್ಸೆಪ್ಶನ್ ಬಳಸುವಂತಿಲ್ಲ. ಹಾಗಾಗಿ "ದೊಡ್ಡ ಎಕ್ಸೆಪ್ಶನ್ ಸಿಕ್ತು" ಅನ್ನೋ ತಲೆಬರಹ ಕಂಡರೆ ನಾನು ಮೊದಲು ನೋಡೋದು ತಂಡದ ಒಟ್ಟು ಸಂಬಳ. ಒಟ್ಟು ಸಂಬಳ ಒಂದು ಮಟ್ಟ ದಾಟಿದರೆ ಬೀಳೋ ಐಷಾರಾಮಿ ತೆರಿಗೆ ಕಟ್ಟೋಕೆ ಮಾಲೀಕ ಒಪ್ಪದೆ ಎಷ್ಟೋ ಚೀಟಿಗಳು ಬಳಕೆಯಾಗದೇ ಸಾಯ್ತವೆ.